ಹಣ್ಣು ತುಂಬಿದ ಡೋನಟ್: ಮೊದಲು ಹೂರಣ, ಆಮೇಲೆ ಹಿಟ್ಟು

ತೂತಿಲ್ಲದ, ಒಳಗೆ ಹಣ್ಣಿನ ಹೂರಣ ಇರುವ ಡೋನಟ್ ಮನೆಯಲ್ಲಿ ಮಾಡೋಣ ಎಂದ ತಕ್ಷಣ ಎಲ್ಲರ ಗಮನ ಹಿಟ್ಟಿನ ಕಡೆ ಹೋಗುತ್ತದೆ. ಯೀಸ್ಟ್ ಉಬ್ಬುತ್ತದೋ ಇಲ್ಲವೋ ಎನ್ನುವುದೇ ಚಿಂತೆ. ಆದರೆ ನಾನು ನೋಡಿದ ಹಾಗೆ ಕೆಲಸ ಕೆಡುವುದು ಜಾಸ್ತಿ ಹೂರಣದಲ್ಲಿ. ಹಣ್ಣಿನಲ್ಲಿ ಬಹುಪಾಲು ಇರುವುದು ನೀರು. ಸ್ಟ್ರಾಬೆರಿಯಲ್ಲಿ ನೂರಕ್ಕೆ 91 ಭಾಗ, ಸೇಬಿನಲ್ಲಿ 86ರ ಹತ್ತಿರ, ತಿರುಳು ಗಟ್ಟಿ ಅನ್ನಿಸುವ ಮಾವಿನಲ್ಲೂ 83ರಷ್ಟು. ಈ ನೀರಿಗೆ ಒಂದು ಕಟ್ಟು ಹಾಕದೆ ಒಳಗೆ ತುಂಬಿದರೆ ಸುತ್ತಲಿನ ಮೆತ್ತನೆ ಭಾಗ ಅದನ್ನು ಹೀರಿಕೊಳ್ಳುತ್ತದೆ. ಒಂದೆರಡು ಗಂಟೆಯಲ್ಲಿ ತಳ ಒದ್ದೆ, ಮೇಲಿನ ಸಕ್ಕರೆ ಕರಗಿ ಅಂಟು ಅಂಟು.

ಹಾಗಾಗಿ ನನ್ನ ಕ್ರಮ ತಿರುಗುಮುರುಗು. ಹಿಂದಿನ ರಾತ್ರಿ ಹೂರಣ ಮಾಡಿ ಫ್ರಿಜ್‌ಗೆ ಇಡುತ್ತೇನೆ. ಹಿಟ್ಟಿನ ಮಾತು ಆಮೇಲೆ. ರಾತ್ರಿಯೇ ಮಾಡುವುದಕ್ಕೆ ಇನ್ನೊಂದು ಕಾರಣವಿದೆ. ಹೂರಣದ ನಿಜವಾದ ಹದ ಗೊತ್ತಾಗುವುದು ಅದು ತಣ್ಣಗಾದ ಮೇಲೆ. ಒಲೆಯ ಮೇಲೆ ಗಟ್ಟಿಯಾಗಿ ಕಂಡದ್ದು ಬೆಳಗ್ಗೆ ನೋಡಿದರೆ ಸಡಿಲ ಇರಬಹುದು, ಅಥವಾ ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ ಇರಬಹುದು. ಸರಿಪಡಿಸಲು ಸಮಯ ಸಿಗಬೇಕಲ್ವಾ?

ಹೂರಣ

ಈ ಸಲ ತೆಗೆದುಕೊಂಡದ್ದು ಸ್ಟ್ರಾಬೆರಿ, 500 ಗ್ರಾಂ. ಫ್ರೀಜರ್‌ನಲ್ಲಿ ಇಟ್ಟಿದ್ದ ಹಣ್ಣು. ತಾಜಾ ಹಣ್ಣೇ ಬೇಕು ಎಂಬ ಹಟ ನನಗಿಲ್ಲ. ಹೆಪ್ಪುಗಟ್ಟುವಾಗ ಒಳಗಿನ ನೀರು ಹರಳಾಗಿ ಹಣ್ಣಿನ ಗೋಡೆಗಳನ್ನು ಸೀಳುತ್ತದೆ. ಕರಗಿದಾಗ ರಸ ತಾನಾಗಿ ಹೊರಗೆ ಬರುತ್ತದೆ. ಹಾಗೇ ತಿನ್ನಲು ಅದು ಚೆನ್ನಾಗಿರುವುದಿಲ್ಲ, ನಿಜ. ಈ ಕೆಲಸಕ್ಕೆ ಮಾತ್ರ ಅದೇ ಅನುಕೂಲ.

ಹಣ್ಣನ್ನು ಸಣ್ಣಗೆ ಹೆಚ್ಚಿ, 120 ಗ್ರಾಂ ಸಕ್ಕರೆ ಬೆರೆಸಿ ಒಂದು ಗಂಟೆ ಬಿಟ್ಟೆ. ಸಕ್ಕರೆ ರಸವನ್ನು ಎಳೆದು ಹೊರಗೆ ಹಾಕುತ್ತದೆ. ಬಟ್ಟಲಿನ ತಳದಲ್ಲಿ ಕೆಂಪು ಪಾಕ ನಿಂತ ಮೇಲೆ ಅದನ್ನು ಸೋಸಿ, ಎರಡು ಚಮಚದಷ್ಟು ರಸ ಪಕ್ಕಕ್ಕಿಟ್ಟು, ಉಳಿದದ್ದನ್ನು ಮಾತ್ರ ಅಗಲ ಬಾಣಲೆಯಲ್ಲಿ ಕುದಿಸಿದೆ. ಹಣ್ಣಿನ ತುಂಡುಗಳನ್ನು ಈಗಲೇ ಹಾಕಬಾರದು. ರಸ ಅರ್ಧಕ್ಕೆ ಇಳಿಯುವವರೆಗೆ ಹಣ್ಣೂ ಕುದಿದರೆ ಅದು ಬೆಂದು ಹಿಂಡಿಯಾಗುತ್ತದೆ, ಹಣ್ಣಿನ ಪರಿಮಳ ಹೋಗಿ ಬರೀ ಜಾಮ್ ವಾಸನೆ ಉಳಿಯುತ್ತದೆ. ರಸ ಇಳಿದು ದಪ್ಪಗಾದ ಮೇಲೆ ತುಂಡುಗಳನ್ನು ಸೇರಿಸಿ ಎರಡು ಮೂರು ನಿಮಿಷ ಬಿಸಿ ಮಾಡಿದರೆ ಸಾಕು.

ಗಟ್ಟಿ ಮಾಡಲು 25 ಗ್ರಾಂ ಕಾರ್ನ್‌ಫ್ಲೋರ್. ಪಕ್ಕಕ್ಕಿಟ್ಟ ತಣ್ಣಗಿನ ರಸದಲ್ಲಿ ಮೊದಲು ಕದಡಿಕೊಳ್ಳಬೇಕು. ಒಣ ಪುಡಿಯನ್ನು ಕುದಿಯುವ ಹಣ್ಣಿಗೆ ಸುರಿದರೆ ಗಂಟು ಕಟ್ಟುತ್ತದೆ, ಆಮೇಲೆ ಎಷ್ಟು ತಿರುವಿದರೂ ಒಡೆಯುವುದಿಲ್ಲ. ಕದಡಿದ್ದನ್ನು ಹಾಕಿ, ಗುಳ್ಳೆ ಎದ್ದು ಚೆನ್ನಾಗಿ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಡದೆ ತಿರುವಬೇಕು. ಕುದಿಯುವ ಮೊದಲೇ ದಪ್ಪಗಾಯಿತು ಎಂದು ಇಳಿಸಿದರೆ ಹಸಿ ಹಿಟ್ಟಿನ ರುಚಿ ಉಳಿಯುತ್ತದೆ, ಮರುದಿನ ನೀರೂ ಬಿಡುತ್ತದೆ. ಹಾಗಂತ ಹತ್ತು ನಿಮಿಷ ಕುದಿಸಲೂ ಬಾರದು. ಹುಳಿಯ ಜೊತೆ ಜಾಸ್ತಿ ಹೊತ್ತು ಬೆಂದರೆ ಕಾರ್ನ್‌ಫ್ಲೋರ್‌ನ ಹಿಡಿತ ಸಡಿಲವಾಗುತ್ತದೆ. ಅದಕ್ಕೇ ಒಂದು ದೊಡ್ಡ ಚಮಚ ನಿಂಬೆರಸವನ್ನು ಒಲೆ ಆರಿಸಿದ ಮೇಲೆ ಸೇರಿಸುತ್ತೇನೆ. ಜೊತೆಗೆ ಒಂದು ಚಿಟಿಕೆ ಉಪ್ಪು.

ಹದ ನೋಡುವುದು ಹೀಗೆ. ಫ್ರೀಜರ್‌ನಲ್ಲಿ ತಣ್ಣಗೆ ಮಾಡಿದ ತಟ್ಟೆಗೆ ಅರ್ಧ ಚಮಚ ಹಾಕಿ, ಒಂದು ನಿಮಿಷ ಬಿಟ್ಟು, ನಡುವೆ ಬೆರಳಿನಿಂದ ಗೆರೆ ಎಳೆಯಬೇಕು. ಗೆರೆ ಹಾಗೇ ನಿಂತರೆ ಸರಿ. ಎರಡೂ ಕಡೆಯಿಂದ ಹರಿದು ಮುಚ್ಚಿಕೊಂಡರೆ ಇನ್ನೂ ಆಗಿಲ್ಲ. ಹಾಂ, ರುಚಿ ನೋಡಿದ ಚಮಚವನ್ನು ಮತ್ತೆ ಪಾತ್ರೆಗೆ ಹಾಕಬೇಡಿ. ಸ್ವಚ್ಛತೆಯ ಮಾತು ಹಾಗಿರಲಿ, ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಕಾರ್ನ್‌ಫ್ಲೋರ್‌ನ ಕಟ್ಟನ್ನೇ ಒಡೆಯುತ್ತದೆ. ರಾತ್ರಿ ಗಟ್ಟಿಯಿದ್ದ ಹೂರಣ ಬೆಳಗ್ಗೆ ನೀರಾಗಲು ಒಂದು ಎಂಜಲು ಚಮಚ ಸಾಕಾಗಬಹುದು.

ಬೇರೆ ಹಣ್ಣಾದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಮಾವಿನ ತಿರುಳು ತಾನೇ ದಪ್ಪ, 15 ಗ್ರಾಂ ಕಾರ್ನ್‌ಫ್ಲೋರ್ ಸಾಕು. ಆದರೆ ನಿಂಬೆ ಜಾಸ್ತಿ ಬೇಕು, ಇಲ್ಲದಿದ್ದರೆ ಬರೀ ಸಿಹಿ. ಸೇಬನ್ನು ಅರ್ಧ ಸೆಂಟಿಮೀಟರ್‌ಗಿಂತ ಸಣ್ಣಗೆ ಹೆಚ್ಚಿ ಸ್ವಲ್ಪ ಬೆಣ್ಣೆಯಲ್ಲಿ ಮೆತ್ತಗಾಗುವವರೆಗೆ ಬೇಯಿಸಬೇಕು. ಅದರಲ್ಲಿ ಪೆಕ್ಟಿನ್ ಇರುವುದರಿಂದ ತಣ್ಣಗಾದಾಗ ತಾನೇ ಕಟ್ಟಿಕೊಳ್ಳುತ್ತದೆ. ಅನಾನಸ್‌ನಲ್ಲಿ ನಾರು ಜಾಸ್ತಿ, ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸದಿದ್ದರೆ ಹೂರಣ ಹಿಂಡುವ ನಾಜಲ್ (ಪೈಪಿಂಗ್ ಬ್ಯಾಗ್‌ನ ಕೊಳವೆ ಮೂತಿ) ಕಟ್ಟಿಕೊಳ್ಳುತ್ತದೆ. ಹಸಿ ಅನಾನಸ್ ಜೊತೆ ಜೆಲಾಟಿನ್ ಬಳಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದರಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಜೆಲಾಟಿನ್ ಅನ್ನು ಕಟ್ಟಿಕೊಳ್ಳಲು ಬಿಡುವುದಿಲ್ಲ. ಕುದಿಸಿದರೆ ಬ್ರೊಮೆಲೈನ್ ಸಾಯುತ್ತದೆ. ಕಾರ್ನ್‌ಫ್ಲೋರ್‌ಗೆ ಈ ತಾಪತ್ರಯವೇ ಇಲ್ಲ.

ಅಂಗಡಿಯ ಜಾಮ್ ನೇರವಾಗಿ ತುಂಬಬಹುದಲ್ಲ ಎಂದು ಕೇಳುವವರಿದ್ದಾರೆ. ತುಂಬಬಹುದು, ಸೋರುವುದೂ ಇಲ್ಲ. ಆದರೆ ಜಾಮ್‌ನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಭಾಗ ಸಕ್ಕರೆ. ಮೇಲೆ ಮತ್ತೆ ಸಕ್ಕರೆ ಹೊರಳಿಸಿದರೆ ಅರ್ಧ ಡೋನಟ್‌ಗೇ ಬಾಯಿ ಕಟ್ಟುತ್ತದೆ. ನನಗಂತೂ ಹಣ್ಣಿನ ಹುಳಿ ನಾಲಿಗೆಗೆ ಸಿಗಬೇಕು.

ಹಿಟ್ಟು

ಒಟ್ಟು ಮೈದಾ 500 ಗ್ರಾಂ. ಇದರಲ್ಲಿ 25 ಗ್ರಾಂ ತೆಗೆದು 125 ಮಿಲಿ ಹಾಲಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತಾ ಗಂಜಿ ಮಾಡಿಕೊಂಡೆ. 65 ಡಿಗ್ರಿ ಸೆಲ್ಸಿಯಸ್ ಹತ್ತಿರ ಅದು ದಪ್ಪಗಾಗುತ್ತದೆ. ಸೌಟು ಎಳೆದರೆ ತಳ ಕಾಣುವ ಹದ ಬಂದರೆ ಇಳಿಸಬಹುದು. ಈ ಗಂಜಿ ಯಾಕೆ ಅಂದರೆ, ಬೆಂದ ಹಿಟ್ಟು ಹಸಿ ಹಿಟ್ಟಿಗಿಂತ ಎಷ್ಟೋ ಪಾಲು ಹೆಚ್ಚು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಲಸುವಾಗ ಕೈಗೆ ಅಂಟದೆ, ಕರಿದ ಮೇಲೆ ಮರುದಿನವೂ ಮೆತ್ತಗಿರುವ ಡೋನಟ್ ಇದರಿಂದ ಸಿಗುತ್ತದೆ. ಐದು ನಿಮಿಷದ ಕೆಲಸ, ನಾನಂತೂ ಬಿಡುವುದಿಲ್ಲ.

ಗಂಜಿ ಉಗುರುಬೆಚ್ಚಗಾದ ಮೇಲೆ ಉಳಿದ 475 ಗ್ರಾಂ ಮೈದಾ, 120 ಮಿಲಿ ಹಾಲು, 2 ಮೊಟ್ಟೆ, 60 ಗ್ರಾಂ ಸಕ್ಕರೆ, 7 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 8 ಗ್ರಾಂ ಉಪ್ಪು ಎಲ್ಲ ಸೇರಿಸಿ ಕಲಸಬೇಕು. ಮೊಟ್ಟೆ ಬೇಡದವರು ಅದರ ಬದಲು 75 ಮಿಲಿ ಹಾಲು, 15 ಗ್ರಾಂ ಬೆಣ್ಣೆ ಹೆಚ್ಚಿಗೆ ಹಾಕಿಕೊಳ್ಳಬಹುದು. ಬಣ್ಣ ಸ್ವಲ್ಪ ಪೇಲವ, ಒಳಭಾಗ ಸ್ವಲ್ಪ ಬ್ರೆಡ್‌ನ ಹಾಗೆ ಆಗುತ್ತದೆ, ಅಷ್ಟೇ. ಗಂಜಿ ತುಂಬಾ ಬಿಸಿ ಇದ್ದಾಗ ಯೀಸ್ಟ್ ಹಾಕಬೇಡಿ. 55 ಡಿಗ್ರಿ ದಾಟಿದರೆ ಯೀಸ್ಟ್ ಸಾಯಲು ಶುರುವಾಗುತ್ತದೆ. ಸಕ್ಕರೆಯನ್ನು ಇದಕ್ಕಿಂತ ಜಾಸ್ತಿ ಮಾಡುವ ಆಸೆಯೂ ಬೇಡ. ಸಕ್ಕರೆ ಹೆಚ್ಚಾದಷ್ಟೂ ಯೀಸ್ಟ್‌ಗೆ ನೀರು ಸಿಗುವುದು ಕಷ್ಟ, ಉಬ್ಬುವುದು ನಿಧಾನ. ಕರಿಯುವಾಗ ಹೊರಗೆ ಬೇಗ ಕಪ್ಪಾಗಿ ಒಳಗೆ ಬೇಯದೆ ಉಳಿಯುತ್ತದೆ. ಸಿಹಿ ಹೂರಣದಲ್ಲಿ ಹೇಗೂ ಇದೆ.

ಐದಾರು ನಿಮಿಷ ನಾದಿ ಹಿಟ್ಟಿಗೆ ಒಂದು ರೂಪ ಬಂದ ಮೇಲೆ ಮೆತ್ತಗಿನ ಬೆಣ್ಣೆ 75 ಗ್ರಾಂ, ಸ್ವಲ್ಪ ಸ್ವಲ್ಪವಾಗಿ. ಬೆಣ್ಣೆ ಹಾಕಿದ ಕೂಡಲೇ ಹಿಟ್ಟು ಹರಿದು, ಜಾರಿ, ಎಲ್ಲ ಕೆಟ್ಟಿತು ಅನ್ನಿಸುತ್ತದೆ. ಮೈದಾ ಡಬ್ಬಕ್ಕೆ ಕೈ ಹಾಕುವ ಮನಸ್ಸಾಗುವುದು ಇಲ್ಲೇ. ತಡೆಯಿರಿ. ನಾದುತ್ತಾ ಹೋದರೆ ಬೆಣ್ಣೆ ಒಳಗೆ ಸೇರಿ ಹಿಟ್ಟು ನುಣ್ಣಗಾಗುತ್ತದೆ. ಕೈಯಲ್ಲಾದರೆ ಇನ್ನೂ ಹತ್ತು ಹನ್ನೆರಡು ನಿಮಿಷ ಬೇಕು. ಒಂದು ಚೂರು ತೆಗೆದು ಎರಡೂ ಕೈಯಲ್ಲಿ ನಿಧಾನವಾಗಿ ಹಿಗ್ಗಿಸಿದಾಗ ಹರಿಯದೆ, ಬೆಳಕು ಕಾಣುವಷ್ಟು ತೆಳ್ಳಗೆ ಪೊರೆ ಬಂದರೆ ನಾದಿದ್ದು ಸಾಕು.

ಮುಚ್ಚಿಟ್ಟು ಎರಡರಷ್ಟಾಗುವವರೆಗೆ ಬಿಟ್ಟೆ. ಬೆಚ್ಚಗಿನ ಅಡುಗೆಮನೆಯಲ್ಲಿ ಒಂದರಿಂದ ಒಂದೂವರೆ ಗಂಟೆ. ಗಡಿಯಾರಕ್ಕಿಂತ ಪಾತ್ರೆಯನ್ನು ನೋಡುವುದು ಒಳ್ಳೆಯದು. ಪುರುಸೊತ್ತಿದ್ದರೆ ಅರ್ಧ ಉಬ್ಬಿದ ಹಿಟ್ಟನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿ ಇಡಬಹುದು. ಬೆಣ್ಣೆ ಗಟ್ಟಿಯಾಗಿ ಉಂಡೆ ಕಟ್ಟುವುದು ಸುಲಭ, ರುಚಿಯೂ ಚೆನ್ನ.

ಉಂಡೆ, ಎರಡನೇ ಉಬ್ಬು

ಲಟ್ಟಿಸಿ ಬಟ್ಟಲಿನಿಂದ ಕತ್ತರಿಸುವುದು ಒಂದು ವಿಧಾನ. ನನಗೆ ಅದು ಹಿಡಿಸುವುದಿಲ್ಲ. ಅಂಚಿನ ಚೂರುಗಳು ಉಳಿಯುತ್ತವೆ, ಮತ್ತೆ ಸೇರಿಸಿ ಲಟ್ಟಿಸಿದರೆ ಅವು ಗಟ್ಟಿ. ತೂಗಿ 60 ಗ್ರಾಂನ ಉಂಡೆ ಮಾಡಿದರೆ ಈ ಅಳತೆಗೆ 16 ಬರುತ್ತವೆ, ಒಂದು ಚೂರೂ ಉಳಿಯುವುದಿಲ್ಲ. ಉಂಡೆಯ ತಳವನ್ನು ಚೆನ್ನಾಗಿ ಚಿವುಟಿ ಮುಚ್ಚಬೇಕು. ಅಲ್ಲಿ ಬಿರುಕು ಉಳಿದರೆ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ, ಆಮೇಲೆ ಹೂರಣ ಸೋರುವುದೂ ಅಲ್ಲಿಂದಲೇ. ಹತ್ತು ನಿಮಿಷ ಬಿಟ್ಟು ಅಂಗೈಯಿಂದ ತಟ್ಟಿ ಸುಮಾರು 7 ಸೆಂಟಿಮೀಟರ್ ಅಗಲ ಮಾಡಿದೆ. ತಟ್ಟದೆ ಗುಂಡಗೇ ಬಿಟ್ಟರೆ ಎಣ್ಣೆಯಲ್ಲಿ ಉರುಳುತ್ತದೆ, ಒಂದು ಕಡೆಯೇ ಬೇಯುತ್ತದೆ.

ಒಂದೊಂದನ್ನೂ ಒಂದೊಂದು ಬಟರ್ ಪೇಪರ್ ಚೌಕದ ಮೇಲೆ ಇಟ್ಟೆ. ಇದು ನೋಡಲು ಸಣ್ಣ ವಿಷಯ, ಉಪಕಾರ ದೊಡ್ಡದು. ಉಬ್ಬಿದ ಹಿಟ್ಟು ಗಾಳಿ ತುಂಬಿದ ಬಲೂನಿನ ಹಾಗೆ, ಬೆರಳಿನಲ್ಲಿ ಎತ್ತಿದರೆ ಗುರುತು ಬೀಳುತ್ತದೆ, ಗಾಳಿ ಹೋಗುತ್ತದೆ. ಕಾಗದ ಸಮೇತ ಎಣ್ಣೆಗೆ ಇಳಿಸಿದರೆ ಕೆಲವು ಕ್ಷಣದಲ್ಲಿ ಕಾಗದ ಬಿಡುತ್ತದೆ, ಇಕ್ಕಳದಲ್ಲಿ ತೆಗೆದರಾಯಿತು.

ಎರಡನೇ ಉಬ್ಬು 35ರಿಂದ 45 ನಿಮಿಷ. ಬದಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ತಕ್ಷಣ ಪುಟಿದು ಮೇಲೆ ಬಂದರೆ ಇನ್ನೂ ಸಮಯ ಬೇಕು. ನಿಧಾನವಾಗಿ ಮೇಲೆ ಬಂದು ಸಣ್ಣ ಗುಳಿ ಉಳಿದರೆ ಎಣ್ಣೆ ಕಾಯಿಸಬಹುದು. ಗುಳಿ ಹಾಗೇ ಉಳಿದು ಮೇಲೆ ಸುಕ್ಕು ಕಂಡರೆ ಉಬ್ಬು ಮಿತಿ ಮೀರಿದೆ ಎಂದರ್ಥ. ಅಂಥದ್ದು ಕರಿದ ಮೇಲೆ ಕುಸಿಯುತ್ತದೆ. ಎಸೆಯಬೇಕಾಗಿಲ್ಲ. ಗಾಳಿ ಒತ್ತಿ ತೆಗೆದು, ಮತ್ತೆ ಉಂಡೆ ಮಾಡಿ, ಇಪ್ಪತ್ತು ನಿಮಿಷದಿಂದಲೇ ನೋಡುತ್ತಾ ಇದ್ದರೆ ತಿನ್ನುವಂತೆ ಆಗುತ್ತದೆ. ಮೊದಲಿನಷ್ಟು ಹಗುರ ಬರುವುದಿಲ್ಲ.

ಎಣ್ಣೆ

ವಾಸನೆ ಇಲ್ಲದ ರಿಫೈನ್ಡ್ ಎಣ್ಣೆ, ದಪ್ಪ ತಳದ ಬಾಣಲೆ, ಆಳ ಸುಮಾರು 6 ಸೆಂಟಿಮೀಟರ್. ಬಾಣಲೆಯ ಅರ್ಧಕ್ಕಿಂತ ಮೇಲೆ ಎಣ್ಣೆ ಬೇಡ. ಪಕ್ಕದಲ್ಲಿ ಸರಿಯಾಗಿ ಕೂರುವ ಮುಚ್ಚಳ ಇರಲಿ. ಎಣ್ಣೆಗೆ ಬೆಂಕಿ ಹತ್ತಿಕೊಂಡರೆ ಉರಿ ಆರಿಸಿ ಮುಚ್ಚಳ ಹಾಕಬೇಕು. ನೀರು ಸುರಿಯಲೇಬಾರದು.

ಬೇಕಾದ ಬಿಸಿ 175 ಡಿಗ್ರಿ. ಇಲ್ಲಿ ಥರ್ಮಾಮೀಟರ್ ಇದ್ದರೆ ಅರ್ಧ ತಲೆನೋವು ಕಡಿಮೆ. ಅದು ಸರಿ ಇದೆಯೋ ಎಂದು ಮೊದಲು ಕುದಿಯುವ ನೀರಿನಲ್ಲಿ ನೋಡಿಕೊಳ್ಳಿ. ಸಮುದ್ರ ಮಟ್ಟದಲ್ಲಿ 100 ತೋರಿಸಬೇಕು, ಎತ್ತರದ ಜಾಗದಲ್ಲಿ ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕಡಿಮೆ. ಥರ್ಮಾಮೀಟರ್ ಇಲ್ಲದಿದ್ದರೆ ಚಿಟಿಕೆ ಹಿಟ್ಟು ಹಾಕಿ ನೋಡಬಹುದು. ತಳಕ್ಕೆ ಹೋಗಿ ಕೂತರೆ ಎಣ್ಣೆ ಕಾದಿಲ್ಲ. ಹಾಕಿದ ತಕ್ಷಣ ಕೆಂಪಾದರೆ ಜಾಸ್ತಿ ಕಾದಿದೆ. ಸುತ್ತ ಸಣ್ಣ ಗುಳ್ಳೆ ಎದ್ದು, ಮೇಲೆ ತೇಲಿ, ಮೆಲ್ಲಗೆ ಬಣ್ಣ ಬಂದರೆ ಸರಿ.

ಒಂದು ಸಲಕ್ಕೆ ಮೂರೇ. ಹಿಟ್ಟು ಬಿದ್ದ ಕೂಡಲೇ ಎಣ್ಣೆಯ ಬಿಸಿ ಇಳಿಯುತ್ತದೆ, ಐದಾರು ಒಟ್ಟಿಗೆ ಹಾಕಿದರೆ 160ರ ಕೆಳಗೆ ಹೋಗುತ್ತದೆ. ಆಗ ಹೊರಪದರ ಗಟ್ಟಿಯಾಗಲು ತಡವಾಗಿ ಎಣ್ಣೆ ಕುಡಿಯುತ್ತದೆ. 190 ದಾಟಿದರೆ ಮೇಲೆ ಕಂದು, ನಡುವೆ ಹಸಿ. ಉಬ್ಬಿದಾಗ ಮೇಲಿದ್ದ ಬದಿಯನ್ನು ಮೊದಲು ಎಣ್ಣೆಗೆ ಹಾಕಿ, ಪ್ರತಿ ಬದಿಗೆ ಒಂದೂವರೆಯಿಂದ ಎರಡು ನಿಮಿಷ. ತಿರುವುವುದು ಒಂದೇ ಸಲ. ಸರಿಯಾಗಿ ಉಬ್ಬಿದ ಡೋನಟ್ ಅರ್ಧ ಮುಳುಗಿ ಅರ್ಧ ತೇಲುತ್ತದೆ. ಹಾಗಾಗಿ ಸೊಂಟದ ಸುತ್ತ ಒಂದು ಬಿಳಿ ಪಟ್ಟಿ ಉಳಿಯುತ್ತದೆ. ಆ ಪಟ್ಟಿ ಕಾಣದಿದ್ದರೆ ಎರಡನೇ ಉಬ್ಬು ಸಾಲದೆ ಬಂದಿದೆ, ಉಳಿದ ಉಂಡೆಗಳನ್ನು ಇನ್ನೂ ಹತ್ತು ನಿಮಿಷ ಬಿಡಿ. ಮೊದಲನೆಯದನ್ನು ಯಾವಾಗಲೂ ಕೊಯ್ದು ನೋಡುತ್ತೇನೆ. ಥರ್ಮಾಮೀಟರ್ ಚುಚ್ಚಿದರೆ ನಡುವೆ 90 ಡಿಗ್ರಿ ಹತ್ತಿರ ಇರಬೇಕು. ಹೇಗೂ ತಿನ್ನಲು ಒಂದು ನೆಪ.

ಜಾಲರಿಯ ಮೇಲೆ ಎಣ್ಣೆ ಬಸಿಯಲು ಒಂದೆರಡು ನಿಮಿಷ ಬಿಟ್ಟು, ಬಿಸಿ ಇರುವಾಗಲೇ ಸಕ್ಕರೆಯಲ್ಲಿ ಹೊರಳಿಸಬೇಕು. ಎಣ್ಣೆಯಿಂದ ತೆಗೆದ ಕೂಡಲೇ ಹೊರಳಿಸಿದರೆ ಕರಗುತ್ತದೆ, ಪೂರ್ತಿ ತಣ್ಣಗಾದ ಮೇಲೆ ಅಂಟುವುದಿಲ್ಲ. ಪುಡಿ ಸಕ್ಕರೆಯನ್ನು ತಿನ್ನುವ ಹೊತ್ತಿಗೆ ಉದುರಿಸಿ, ಮೊದಲೇ ಹಾಕಿದರೆ ಮಾಯ.

ತುಂಬುವುದು

ಡೋನಟ್ ಪೂರ್ತಿ ತಣಿಯಲು ಮುಕ್ಕಾಲು ಗಂಟೆಯಾದರೂ ಬೇಕು. ಬೆಚ್ಚಗಿರುವಾಗ ಒಳಗಿನ ಹಬೆ ಹೂರಣವನ್ನು ಸಡಿಲ ಮಾಡುತ್ತದೆ, ಮೆತ್ತನೆ ಭಾಗವೂ ನಾಜಲ್‌ಗೆ ಅಂಟಿ ಹರಿಯುತ್ತದೆ. ರಾತ್ರಿಯ ಹೂರಣ ಈಗ ಫ್ರಿಜ್‌ನಲ್ಲಿ ಕಟ್ಟಿಕೊಂಡಿರುತ್ತದೆ. ಚಮಚದಿಂದ ಚೆನ್ನಾಗಿ ತಿರುವಿದರೆ ನುಣ್ಣಗಾಗಿ ಹಿಂಡುವ ಹದಕ್ಕೆ ಬರುತ್ತದೆ. ಎತ್ತಿದ ಚಮಚದಿಂದ ಮುದ್ದೆಯಾಗಿ ಬೀಳಬೇಕು, ಧಾರೆಯಾಗಿ ಇಳಿಯಬಾರದು. ಧಾರೆಯಾಗಿದ್ದರೆ ಮತ್ತೆ ಒಲೆಗಿಟ್ಟು, ಒಂದು ಚಮಚ ಕಾರ್ನ್‌ಫ್ಲೋರ್ ತಣ್ಣೀರಿನಲ್ಲಿ ಕದಡಿ ಹಾಕಿ, ಒಂದು ನಿಮಿಷ ಕುದಿಸಿ ತಣಿಸಿ. ತಟ್ಟೆಯ ಪರೀಕ್ಷೆ ಮತ್ತೊಮ್ಮೆ.

ಬಿಳಿ ಪಟ್ಟಿ ಇದೆಯಲ್ಲ, ತೂತು ಮಾಡುವ ಜಾಗ ಅದೇ. ಅಲ್ಲಿ ಹೊರಪದರ ತೆಳ್ಳಗೆ, ಒಡೆಯುವುದಿಲ್ಲ. ಚೂಪು ಚಾಕು ಅಥವಾ ಒಂದು ಕಡ್ಡಿಯನ್ನು ಎದುರು ಬದಿಯ ಹತ್ತಿರದವರೆಗೆ ತೂರಿಸಿ, ಬಾಯಿ ದೊಡ್ಡದಾಗದಂತೆ ತುದಿಯನ್ನು ಮಾತ್ರ ಬೀಸಣಿಗೆಯಂತೆ ಎಡಕ್ಕೆ ಬಲಕ್ಕೆ ಆಡಿಸಿದೆ. ಈ ಹೆಜ್ಜೆ ಬಿಟ್ಟರೆ ಹೂರಣಕ್ಕೆ ಜಾಗವೇ ಇರುವುದಿಲ್ಲ. ಒಂದು ಚಮಚ ಒಳಗೆ ಹೋಗಿ, ಉಳಿದದ್ದು ಬಂದ ದಾರಿಯಲ್ಲೇ ವಾಪಸ್.

ಪೈಪಿಂಗ್ ಬ್ಯಾಗ್‌ಗೆ ಉದ್ದನೆಯ ನಾಜಲ್, ಬಾಯಿ 6ರಿಂದ 8 ಮಿಲಿಮೀಟರ್. ಹಣ್ಣಿನ ತುಂಡು ಅದರ ಅರ್ಧಕ್ಕಿಂತ ದೊಡ್ಡದಿರಬಾರದು. ನಡುವೆ ಸಿಕ್ಕಿಕೊಂಡಾಗ ಜೋರಾಗಿ ಹಿಂಡಿದರೆ ಬ್ಯಾಗ್ ಹಿಂದಿನಿಂದ ಒಡೆದು ಗೋಡೆಗೆಲ್ಲ ಹೂರಣ ಬಳಿಯಬೇಕಾಗುತ್ತದೆ. ಕಡ್ಡಿಯಿಂದ ಬಿಡಿಸಿಕೊಳ್ಳುವುದೇ ವಾಸಿ. ನಾಜಲ್ ಇಲ್ಲದವರು ಗಟ್ಟಿ ಪ್ಲಾಸ್ಟಿಕ್ ಕವರಿನ ಮೂಲೆ ಕತ್ತರಿಸಿಕೊಂಡು, ತೂತನ್ನು ಸ್ವಲ್ಪ ದೊಡ್ಡದು ಮಾಡಿಕೊಂಡರೂ ನಡೆಯುತ್ತದೆ.

ಡೋನಟ್ ಅನ್ನು ತೂಕದ ಯಂತ್ರದ ಮೇಲೆ ಇಟ್ಟು, ಸೊನ್ನೆಗೆ ತಂದು, ಹಿಂಡಿದ ಮೇಲೆ ತೂಕ ನೋಡುತ್ತೇನೆ. 60 ಗ್ರಾಂ ಹಿಟ್ಟಿನದಕ್ಕೆ 25ರಿಂದ 30 ಗ್ರಾಂ ಹೂರಣ ಹಿಡಿಸುತ್ತದೆ. ಎರಡು ಮೂರು ತುಂಬಿದ ಮೇಲೆ ಕೈಗೇ ಗೊತ್ತಾಗುತ್ತದೆ. ನಾಜಲ್ ಪೂರ್ತಿ ಒಳಗೆ ಹೋಗಲಿ. ಹಿಂಡುತ್ತಾ ನಿಧಾನವಾಗಿ ಹೊರಗೆ ಎಳೆದರೆ ಹೂರಣ ಒಂದೇ ಕಡೆ ಮುದ್ದೆಯಾಗದೆ ಉದ್ದಕ್ಕೂ ಹರಡುತ್ತದೆ. ಡೋನಟ್ ಸ್ವಲ್ಪ ಉಬ್ಬಿ ಭಾರವಾದದ್ದು ಅಂಗೈಗೆ ತಿಳಿಯುತ್ತದೆ, ಅಲ್ಲಿಗೆ ನಿಲ್ಲಿಸಬೇಕು.

ಈ ಸಲ ಒಂದರ ತಳದಲ್ಲಿ ಚಿವುಟಿದ ಜಾಗ ಬಿಟ್ಟುಕೊಂಡಿತ್ತು, ತುಂಬುವಾಗ ಅಲ್ಲಿಂದ ಇಣುಕಿತು. ಅಂಥದ್ದನ್ನು ತಲೆಕೆಳಗೆ ಇಟ್ಟು, ಹೂರಣ 15 ಗ್ರಾಂಗೆ ಇಳಿಸಿ, ಅರ್ಧ ಗಂಟೆ ತಣ್ಣಗಿನ ಜಾಗದಲ್ಲಿ ಬಿಟ್ಟರೆ ಕಟ್ಟಿಕೊಂಡು ನಿಲ್ಲುತ್ತದೆ. ಉಳಿದವನ್ನೂ ತೂತು ಮೇಲೆ ಬರುವ ಹಾಗೆ ಒಂದಕ್ಕೊಂದು ಒರಗಿಸಿ ನಿಲ್ಲಿಸಿದೆ. ತೂತಿನ ಬಾಯಲ್ಲಿ ಒಂದು ಕೆಂಪು ಚುಕ್ಕೆ ಕಂಡರೆ ಚೆಂದ, ಒಳಗೆ ಯಾವ ಹಣ್ಣು ಎಂದೂ ಗೊತ್ತಾಗುತ್ತದೆ.

ಹಸಿ ಹಣ್ಣು ಸಕ್ಕರೆ ಬೆರೆಸಿ ನೇರವಾಗಿ ತುಂಬಿದ ಒಂದು, ಕುದಿಸಿದ ಹೂರಣದ ಒಂದು, ಎರಡನ್ನೂ ಪಕ್ಕಪಕ್ಕ ಎರಡು ಗಂಟೆ ಇಟ್ಟು ಕೊಯ್ದು ನೋಡಿದೆ. ಹಸಿಯದರಲ್ಲಿ ಹಣ್ಣಿನ ತುಂಡು ಒಣಗಿದಂತೆ, ಸುತ್ತಲೂ ಗುಲಾಬಿ ಬಣ್ಣಕ್ಕೆ ತಿರುಗಿದ ಒದ್ದೆ ಹಿಟ್ಟು. ಕುದಿಸಿದ್ದರಲ್ಲಿ ಹೂರಣ ಇದ್ದಲ್ಲೇ ಇತ್ತು, ಅದಕ್ಕೆ ತಾಗಿದ ತೆಳು ಪದರ ಮಾತ್ರ ಮೆತ್ತಗೆ. ಹಸಿ ಹಣ್ಣಿನ ರುಚಿ ಬಾಯಿಗೆ ಹೆಚ್ಚು ಹಿತ, ಅದನ್ನು ಒಪ್ಪಬೇಕು. ಆ ರುಚಿಯೇ ಬೇಕಿದ್ದರೆ ತುಂಬಿದ ಹತ್ತು ನಿಮಿಷದಲ್ಲಿ ತಿಂದುಬಿಡಿ.

ಹೂರಣ ತುಂಬಿ ಕರಿಯುವ ಹಳೆಯ ವಿಧಾನವೂ ಇದೆ. ಅದಕ್ಕೆ ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿ ಹೂರಣ ಬೇಕು. ಸಡಿಲ ಇದ್ದರೆ ಕುದಿದು ಹಿಟ್ಟನ್ನು ಸೀಳಿಕೊಂಡು ಎಣ್ಣೆಗೆ ಬರುತ್ತದೆ, ನೀರು ಬಿದ್ದ ಎಣ್ಣೆ ಮೈಮೇಲೆ ಸಿಡಿಯುತ್ತದೆ. ಮನೆಯಲ್ಲಿ ಆ ಗೊಡವೆ ನನಗೆ ಬೇಡ.

ಒಂದೇ ದಿನಕ್ಕೆ 16 ಮುಗಿಯದಿದ್ದರೆ ಬೇಕಾದಷ್ಟಕ್ಕೆ ಮಾತ್ರ ಹೂರಣ ತುಂಬಿ. ಖಾಲಿ ಡೋನಟ್‌ಗಳನ್ನು ಸಕ್ಕರೆ ಹಚ್ಚದೆ ಗಾಳಿಯಾಡದ ಡಬ್ಬಿಯಲ್ಲಿ ಹೊರಗೇ ಇಡಬಹುದು, ಮರುದಿನಕ್ಕೆ ನಡೆಯುತ್ತದೆ. ಅದಕ್ಕಿಂತ ಹೆಚ್ಚು ದಿನಕ್ಕಾದರೆ ಫ್ರೀಜರ್. ಫ್ರಿಜ್ ಮಾತ್ರ ಬೇಡ, ಆ ತಂಪಿನಲ್ಲಿ ಹಿಟ್ಟಿನ ಪದಾರ್ಥ ಬೇಗ ಬಿರುಸಾಗುತ್ತದೆ. ಹೂರಣದ್ದು ಉಲ್ಟಾ. ಅದು ಫ್ರಿಜ್‌ನಲ್ಲಿ ನಾಲ್ಕು ದಿನ ಚೆನ್ನಾಗಿರುತ್ತದೆ, ಫ್ರೀಜರ್‌ಗೆ ಹಾಕಿದರೆ ಕರಗುವಾಗ ನೀರು ಬಿಡುತ್ತದೆ. ಫ್ರೀಜರ್‌ನಿಂದ ತೆಗೆದ ಡೋನಟ್ ಅನ್ನು ಹೊರಗಿಟ್ಟು ಕರಗಿಸಿ, 160 ಡಿಗ್ರಿ ಓವನ್‌ನಲ್ಲಿ ಐದು ನಿಮಿಷ ಬೆಚ್ಚಗೆ ಮಾಡಿ, ತಣಿದ ಮೇಲೆ ತುಂಬಿಕೊಳ್ಳಿ. ಸಕ್ಕರೆ ಅಂಟಬೇಕಿದ್ದರೆ ಬೆಚ್ಚಗಿರುವಾಗಲೇ ಸ್ವಲ್ಪ ಬೆಣ್ಣೆ ಸವರಿ ಹೊರಳಿಸಬೇಕು.